ಕೊಂದವರು ಕೊಡುವ ಕಾರಣ: ಬ್ರೌನಿಂಗನ ಮೂವರು ನಿರೂಪಕರನ್ನು ಹೋಲಿಸುವುದು ಹೇಗೆ?

ಪ್ರಶ್ನೆ: ಎಂ.ಎ. ಇಂಗ್ಲಿಷ್ ಓದುತ್ತಿದ್ದೇನೆ. 19ನೇ ಶತಮಾನದ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗನ 'ಪೋರ್ಫಿರಿಯಾಸ್ ಲವರ್', 'ಮೈ ಲಾಸ್ಟ್ ಡಚೆಸ್', 'ದ ಲ್ಯಾಬೊರೇಟರಿ' ಕವಿತೆಗಳ ನಿರೂಪಕರು ಯಾಕೆ ಕೊಲ್ಲುತ್ತಾರೆ ಎಂಬುದನ್ನು ಹೋಲಿಸಿ ಪ್ರಬಂಧ ಬರೆಯಬೇಕಿದೆ. ನಾನು ಮೂರಕ್ಕೂ ಹೊಟ್ಟೆಕಿಚ್ಚು, ಒಡೆತನದ ಆಸೆ, ಹುಚ್ಚು ಎಂದು ಬರೆದೆ. ಮೂರೂ ಒಂದೇ ಥರ ಆಗಿಬಿಟ್ಟವು. ಹೇಗೆ ಬೇರ್ಪಡಿಸಲಿ? 'ಹುಚ್ಚು' ಎಂಬ ಉತ್ತರ ಸಾಕಾಗುವುದಿಲ್ಲವೇ? ನಾಲ್ಕನೆಯ ಕವಿತೆ ಸೇರಿಸಬಹುದೇ?

ಉತ್ತರ: ಮೂರೂ ಒಂದೇ ಥರ ಕಾಣಿಸಿದ್ದಕ್ಕೆ ನೀವು ಅವುಗಳ ಮುಂದಿಟ್ಟ ಪ್ರಶ್ನೆಯೇ ಕಾರಣ. 'ಯಾಕೆ ಕೊಂದೆ?' ಎಂದರೆ ಕೊಂದವನು ತನಗೆ ಒಪ್ಪುವ ಉತ್ತರ ಕೊಡುತ್ತಾನೆ. ಡ್ರಮ್ಯಾಟಿಕ್ ಮೊನೊಲಾಗಿನಲ್ಲಿ, ಅಂದರೆ ಒಂದೇ ಪಾತ್ರ ಕೇಳುಗನೊಬ್ಬನ ಮುಂದೆ ಮಾತಾಡುವ ನಾಟಕೀಯ ಸ್ವಗತದಲ್ಲಿ, ಅವನ ಮಾತು ಬಿಟ್ಟರೆ ನಮಗೆ ಬೇರೆ ಸಾಕ್ಷಿ ಇಲ್ಲ. ಸತ್ತವಳ ಮಾತೂ ಅವನ ಬಾಯಿಂದಲೇ ಬರಬೇಕು. ಹಾಗಾಗಿ ಮೊದಲು ಕೇಳಬೇಕಾದ್ದು ಬೇರೆ: ಇವನು ಈಗ ಯಾರ ಮುಂದೆ ಮಾತಾಡುತ್ತಿದ್ದಾನೆ, ಆ ಮಾತಿನಿಂದ ಅವನಿಗೆ ಏನಾಗಬೇಕಿದೆ? ಕೊಲ್ಲುವುದಕ್ಕೆ ಒಂದು ಉದ್ದೇಶ, ಅದನ್ನು ಹೇಳಿಕೊಳ್ಳುವುದಕ್ಕೆ ಇನ್ನೊಂದು. ಎರಡನೆಯದನ್ನು ಹಿಡಿದುಕೊಂಡರೆ ಮೊದಲನೆಯದು ಬಿಚ್ಚಿಕೊಳ್ಳುತ್ತದೆ.

ಕೆಲಸ ಶುರುಮಾಡುವ ಮುಂಚೆ ಮೂರೂ ಕವಿತೆಗಳನ್ನು ಸಾಲುಸಂಖ್ಯೆ ಸಮೇತ ಮುದ್ರಿಸಿಕೊಳ್ಳಿ. ಒಟ್ಟು 164 ಸಾಲು, ಅಷ್ಟೇ: 60, 56, 48. ನಿರೂಪಕ ಕಾರಣ ಹೇಳುವ ಸಾಲುಗಳಿಗೆ ಒಂದು ಬಣ್ಣ, ಕೃತ್ಯದ ಸಾಲುಗಳಿಗೆ ಇನ್ನೊಂದು, 'ಅವಳ ಮನಸ್ಸಿನಲ್ಲಿ ಇದಿತ್ತು' ಎಂದು ಅವನೇ ಹೇಳುವ ಸಾಲುಗಳಿಗೆ ಮೂರನೆಯದು. ಬಣ್ಣ ಹಚ್ಚಿದ ಮೇಲೆ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 'ಡಚೆಸ್' ಕವಿತೆಯಲ್ಲಿ ಮೊದಲ ಬಣ್ಣ ಮೂವತ್ತು ಸಾಲಿನ ಸುತ್ತಮುತ್ತ ಹರಡಿರುತ್ತದೆ, ಎರಡನೆಯದು ಒಂದೂವರೆ ಸಾಲು. 'ಪೋರ್ಫಿರಿಯಾ'ದಲ್ಲಿ ಮೂರನೆಯ ಬಣ್ಣವೇ ಹೆಚ್ಚು. 'ಲ್ಯಾಬೊರೇಟರಿ'ಯಲ್ಲಿ ಕೃತ್ಯದ ಬಣ್ಣ ಹಚ್ಚಲು ಜಾಗವೇ ಇಲ್ಲ, ಕೊಲೆ ಇನ್ನೂ ನಡೆದಿಲ್ಲ.

'ಪೋರ್ಫಿರಿಯಾಸ್ ಲವರ್' ಮೊದಲು ಅಚ್ಚಾದದ್ದು 1836ರ ಜನವರಿಯಲ್ಲಿ, 'ಮಂತ್ಲಿ ರೆಪಾಸಿಟರಿ' ಪತ್ರಿಕೆಯಲ್ಲಿ. ಆಗ ಅದರ ಹೆಸರು ಬರೀ 'ಪೋರ್ಫಿರಿಯಾ'. ಈಗಿನ ಹೆಸರು ಬಂದದ್ದು 1863ರಲ್ಲಿ. ಕವಿತೆಯ ಮೊದಲರ್ಧದ ಕ್ರಿಯಾಪದಗಳನ್ನೆಲ್ಲ ಒಂದು ಪಟ್ಟಿ ಮಾಡಿ. ಬಿರುಗಾಳಿಯೊಳಗಿಂದ ಪೋರ್ಫಿರಿಯಾ ಬರುತ್ತಾಳೆ; ಚಳಿಯನ್ನು ಹೊರಗಿಟ್ಟು ಬಾಗಿಲು ಹಾಕುತ್ತಾಳೆ; ಮಂಡಿಯೂರಿ ಬೆಂಕಿ ಹೊತ್ತಿಸುತ್ತಾಳೆ; ತೊಟ್ಟಿಕ್ಕುವ ಮೇಲಂಗಿ ಕಳಚಿ, ಕೈಗವಸು ತೆಗೆದಿಟ್ಟು, ಹ್ಯಾಟಿನ ದಾರ ಬಿಚ್ಚುತ್ತಾಳೆ; ಕೂರುತ್ತಾಳೆ; ಕರೆಯುತ್ತಾಳೆ. ಅವನು ಓಗೊಡುವುದಿಲ್ಲ. ಆಗಲೂ ಅವನ ಕೈಯನ್ನು ತನ್ನ ಸೊಂಟಕ್ಕೆ ಸುತ್ತಿಕೊಳ್ಳುವವಳು ಅವಳೇ, ಅವನ ಕೆನ್ನೆಯನ್ನು ತನ್ನ ಭುಜಕ್ಕೆ ಒರಗಿಸಿಕೊಳ್ಳುವವಳೂ ಅವಳೇ. 31ನೇ ಸಾಲಿನವರೆಗೆ ಈತ ಒಂದೂ ಕೆಲಸ ಮಾಡಿಲ್ಲ, ಗಾಳಿಯ ಸದ್ದು ಆಲಿಸಿದ್ದು ಬಿಟ್ಟರೆ. ಅಲ್ಲಿಂದ ಮುಂದೆ ಕ್ರಿಯಾಪದಗಳೆಲ್ಲ ಅವನ ಪಾಲಿಗೆ ಬರುತ್ತವೆ: ನೋಡಿದೆ, ತಿಳಿದೆ, ಯೋಚಿಸಿದೆ, ಮಾಡುವುದಕ್ಕೊಂದು ಕೆಲಸ ಕಂಡುಕೊಂಡೆ, ಸುತ್ತಿದೆ. ಅವಳದೇ ಹಳದಿ ಕೂದಲನ್ನು ಒಂದೇ ಎಳೆಯಾಗಿ ಹೊಸೆದು ಪುಟ್ಟ ಕೊರಳಿಗೆ ಮೂರು ಸುತ್ತು. ಕೊಂದೆ ಎಂಬ ಮಾತು 41ನೇ ಸಾಲಿನ ಶುರುವಿನಲ್ಲಿ ಬಂದು, ಸಾಲಿನ ನಡುವೆಯೇ ವಾಕ್ಯ ಮುಗಿಯುತ್ತದೆ. ಸಾಲಿನ ಉಳಿದರ್ಧದಲ್ಲಿ ಆಗಲೇ 'ಅವಳಿಗೆ ನೋವಾಗಲಿಲ್ಲ' ಎಂಬ ಸಮಜಾಯಿಷಿ. ಮುಂದಿನ ಸಾಲಿನಲ್ಲಿ ಅದೇ ಮಾತು ಮತ್ತೊಮ್ಮೆ, 'ಖಂಡಿತ' ಸೇರಿಸಿಕೊಂಡು. ಯಾರೂ ಕೇಳಿರಲಿಲ್ಲ.

ಸಾಮಾನ್ಯವಾಗಿ ಬರೆಯುವ ಉತ್ತರ: ಪ್ರೀತಿಯ ಪರಿಪೂರ್ಣ ಗಳಿಗೆಯನ್ನು ಹಾಗೇ ಹಿಡಿದಿಡಲು ಕೊಂದ. ಸುಳ್ಳಲ್ಲ, ಆದರೆ ಅದು ಅವನ ಮಾತಿನ ನಕಲು. ಆ ಗಳಿಗೆ ಯಾಕೆ ಪರಿಪೂರ್ಣವಾಯಿತು ಎಂದು ನೋಡಿ. ಪೋರ್ಫಿರಿಯಾ ಔತಣವೊಂದರಿಂದ ಎದ್ದು ಬಂದವಳು. ಅವಳಿಗೆ ಪ್ರತಿಷ್ಠೆ ಇದೆ, ಕಡಿದುಕೊಳ್ಳಲಾಗದ ಸಂಬಂಧಗಳಿವೆ. ಅವನು ಬೆಂಕಿಯಿಲ್ಲದ ಗುಡಿಸಿಲಿನಲ್ಲಿ ಕೂತವನು. ಈ ವರ್ಗದ ಅಂತರ 22ರಿಂದ 27ನೇ ಸಾಲಿನೊಳಗೆ ಸ್ಪಷ್ಟವಾಗಿದೆ, ಆದರೂ ಹೆಚ್ಚಿನ ಪ್ರಬಂಧಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ನಾಳೆ ಬೆಳಿಗ್ಗೆ ಅವಳು ವಾಪಸು ಹೋಗುತ್ತಾಳೆ ಎಂಬುದು ಅವನಿಗೆ ಗೊತ್ತು. ಅವಳು ತನ್ನನ್ನು ಆರಾಧಿಸುತ್ತಾಳೆಂದು ತಿಳಿದ ಕೂಡಲೇ 'ನನ್ನವಳು' ಎಂಬುದನ್ನು ಎರಡು ಸಲ ಹೇಳುತ್ತಾನೆ. ಕೊಂದ ಮೇಲೆ ತಲೆ ಯಾರ ಭುಜದ ಮೇಲಿರಬೇಕು ಎಂಬುದನ್ನು ತಿರುಗಿಸಿ ಇಡುತ್ತಾನೆ: 'ಈ ಸಲ' ನನ್ನ ಭುಜ ಎಂದು ಒತ್ತಿ ಹೇಳುತ್ತಾನೆ. ಕೊನೆಯ ಸಾಲುಗಳಲ್ಲಿ ಆ ತಲೆಗೆ ಬಳಸುವ ಸರ್ವನಾಮ 'ಅವಳು' ಅಲ್ಲ, 'ಅದು'. ಅದರ ಆಸೆ ಈಡೇರಿತು, ಅದು ತಿರಸ್ಕರಿಸಿದ್ದೆಲ್ಲ ಹೋಯಿತು, ಅದಕ್ಕೆ ನಾನು ಸಿಕ್ಕೆ ಎನ್ನುತ್ತಾನೆ. ಕೊಲೆ ತನ್ನ ಇಚ್ಛೆಯಲ್ಲ, ಅವಳ ಇಚ್ಛೆಯನ್ನು ನಾನು ನಡೆಸಿಕೊಟ್ಟೆ ಎಂಬ ವಾದ ಇದು. ನನ್ನ ಮಟ್ಟಿಗೆ ಕವಿತೆಯ ಅತ್ಯಂತ ಭಯಾನಕ ಭಾಗ ಕೂದಲು ಸುತ್ತುವುದಲ್ಲ, ಈ ಐದಾರು ಸಾಲು.

ಇನ್ನು ಅವನು ಮಾತಾಡುತ್ತಿರುವುದು ಯಾರ ಜೊತೆ? ಕೋಣೆಯಲ್ಲಿ ಹೆಣ ಬಿಟ್ಟರೆ ಯಾರೂ ಇಲ್ಲ. ಕಟ್ಟುನಿಟ್ಟಿನವರು ಇದನ್ನು ಪೂರ್ಣ ಪ್ರಮಾಣದ ನಾಟಕೀಯ ಸ್ವಗತ ಎಂದೇ ಒಪ್ಪುವುದಿಲ್ಲ. ಆದರೆ ಕೊನೆಯ ಸಾಲು ಓದಿ: ದೇವರು ಇನ್ನೂ ಒಂದು ಮಾತೂ ಆಡಿಲ್ಲ. ಅವನು ತೀರ್ಪಿಗಾಗಿ ಕಾಯುತ್ತಿದ್ದಾನೆ, ಬಾರದ ತೀರ್ಪನ್ನು ಒಪ್ಪಿಗೆ ಎಂದು ಎಣಿಸಿಕೊಳ್ಳುತ್ತಿದ್ದಾನೆ. 'ನೋವಾಗಲಿಲ್ಲ' ಎಂದು ಎರಡು ಸಲ ಹೇಳಿದ್ದು ಈ ಕೇಳುಗನಿಗೆ. ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಜೊತೆಗೆ ಬಂದ 'ಜೋಹಾನೆಸ್ ಅಗ್ರಿಕೋಲಾ' ಕವಿತೆಯ ನಿರೂಪಕ, ತಾನು ಏನು ಪಾಪ ಮಾಡಿದರೂ ದೇವರು ಮೊದಲೇ ಆರಿಸಿಟ್ಟವನು ಎಂದು ನಂಬಿದವನು. ಎರಡನ್ನೂ ಜೋಡಿಯಾಗಿ ಓದಿದರೆ ಆ ಕೊನೆಯ ಸಾಲಿನ ತೂಕ ತಿಳಿಯುತ್ತದೆ.

'ಹುಚ್ಚು' ಸಾಕಲ್ಲವೇ ಎಂದಿರಿ. 1842ರ 'ಡ್ರಮ್ಯಾಟಿಕ್ ಲಿರಿಕ್ಸ್' ಸಂಕಲನದಲ್ಲಿ ಬ್ರೌನಿಂಗ್ 'ಪೋರ್ಫಿರಿಯಾ', 'ಅಗ್ರಿಕೋಲಾ' ಎರಡನ್ನೂ 'ಹುಚ್ಚಾಸ್ಪತ್ರೆಯ ಕೋಣೆಗಳು' ಎಂಬರ್ಥದ ತಲೆಬರಹದಡಿ ಇಟ್ಟಿದ್ದ. ಆಮೇಲೆ ಅದನ್ನು ಕೈಬಿಟ್ಟ. ಆ ಕಾಲದ ವೈದ್ಯಕೀಯವೂ ನಿಮ್ಮ ನೆರವಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ. 1835ರಲ್ಲಿ ಜೇಮ್ಸ್ ಕೌಲ್ಸ್ ಪ್ರಿಚರ್ಡ್ ಎಂಬ ವೈದ್ಯ, ತರ್ಕಶಕ್ತಿ ಕೆಡದೆ ಭಾವನೆ ಮತ್ತು ನಡತೆ ಮಾತ್ರ ಕೆಡುವ 'ನೈತಿಕ ಹುಚ್ಚು' ಎಂಬ ವರ್ಗವನ್ನು ವಿವರಿಸಿದ್ದ. ಪೋರ್ಫಿರಿಯಾಳ ಪ್ರಿಯಕರ ಅದಕ್ಕೆ ಹೊಂದುತ್ತಾನೆ, ಸರಿ. ಆದರೆ ಹೊಂದಿಸಿದ ಮೇಲೂ ಉದ್ದೇಶದ ಪ್ರಶ್ನೆ ಹಾಗೇ ಉಳಿಯುತ್ತದೆ, ಏಕೆಂದರೆ ಅವನ ಪ್ರತಿ ಹೆಜ್ಜೆಗೂ ಕಾರಣವಿದೆ. ಹುಚ್ಚು ಎಂದು ಬರೆದ ಕೂಡಲೇ ಪ್ರಬಂಧಕ್ಕೆ ಮುಂದೆ ಹೇಳಲು ಏನೂ ಇರುವುದಿಲ್ಲ. ಬೇಕಿದ್ದರೆ ಒಂದು ಪ್ಯಾರಾ ಕೊಡಿ, ತೀರ್ಮಾನ ಮಾಡಬೇಡಿ. ಇನ್ನೊಂದು ಎಚ್ಚರಿಕೆ: ಪೋರ್ಫಿರಿಯಾ ಎಂಬ, ರಕ್ತಕ್ಕೆ ಸಂಬಂಧಿಸಿದ ಕಾಯಿಲೆಯಿಂದ ಆಕೆ ನರಳುತ್ತಿದ್ದಳು, ಆತ ದಯಾಮರಣ ಕೊಟ್ಟ ಎಂಬ ವ್ಯಾಖ್ಯಾನ ಅಂತರ್ಜಾಲದಲ್ಲಿ ಓಡಾಡುತ್ತದೆ. ಆ ಕಾಯಿಲೆಗೆ ಆ ಹೆಸರು ಬಂದದ್ದೇ 19ನೇ ಶತಮಾನದ ಕೊನೆಯ ದಶಕಗಳಲ್ಲಿ. 1836ರ ಕವಿತೆಗೆ ಅದು ಅಂಟುವುದಿಲ್ಲ.

'ಮೈ ಲಾಸ್ಟ್ ಡಚೆಸ್'ಗೆ ಬಂದರೆ, 'ಹೊಟ್ಟೆಕಿಚ್ಚು' ಎಂಬ ಪದವನ್ನು ಹೊಡೆದುಹಾಕಿ. ಇಲ್ಲಿ ಡ್ಯೂಕನೊಬ್ಬ, ತನ್ನ ಹಿಂದಿನ ಹೆಂಡತಿಯ ಪರದೆ ಮುಚ್ಚಿದ ಚಿತ್ರವನ್ನು ಅತಿಥಿಗೆ ತೋರಿಸುತ್ತಾ ಮಾತಾಡುತ್ತಾನೆ. ಡ್ಯೂಕನ ಆರೋಪಪಟ್ಟಿ 25ರಿಂದ 29ನೇ ಸಾಲಿನಲ್ಲಿದೆ. ಅವಳ ಮುಖ ಅರಳಿಸುತ್ತಿದ್ದ ವಸ್ತುಗಳು: ಅವನು ಕೊಟ್ಟ ಎದೆಯ ಮೇಲಿನ ಒಡವೆ, ಪಡುವಣದಲ್ಲಿ ಇಳಿಯುವ ಬೆಳಕು, ಯಾವನೋ ತೋಟದಿಂದ ಮುರಿದುಕೊಟ್ಟ ಚೆರ್ರಿ ಹಣ್ಣಿನ ರೆಂಬೆ, ಜಗಲಿಯ ಸುತ್ತ ಸವಾರಿ ಮಾಡುತ್ತಿದ್ದ ಬಿಳಿ ಹೇಸರಗತ್ತೆ. ಹೊಟ್ಟೆಕಿಚ್ಚಿಗೆ ಪ್ರತಿಸ್ಪರ್ಧಿ ಬೇಕು. ಸೂರ್ಯಾಸ್ತ ಪ್ರತಿಸ್ಪರ್ಧಿಯಲ್ಲ, ಹೇಸರಗತ್ತೆಯಂತೂ ಅಲ್ಲವೇ ಅಲ್ಲ. ಅವಳು ಬೇರೊಬ್ಬನನ್ನು ಪ್ರೀತಿಸಿದಳು ಎಂದು ಅವನು ಎಲ್ಲೂ ಹೇಳುವುದಿಲ್ಲ. ಅವಳ ತಪ್ಪು, ದರ್ಜೆ ತಿಳಿಯದಿರುವುದು: ಒಂಬೈನೂರು ವರ್ಷದ ಮನೆತನದ ಹೆಸರನ್ನೂ ಹಣ್ಣಿನ ರೆಂಬೆಯನ್ನೂ ಒಂದೇ ನಗೆಯಿಂದ ಸ್ವೀಕರಿಸುವುದು.

ಈಗ 34, 42 ಮತ್ತು 43ನೇ ಸಾಲು. ತಗ್ಗುವುದು, ಬಾಗುವುದು ಎಂಬ ಅರ್ಥದ ಒಂದೇ ಪದ ಮೂರು ಸಲ ಬರುತ್ತದೆ. 'ಇಂಥದ್ದು ನನಗೆ ಹಿಡಿಸದು' ಎಂದು ಹೆಂಡತಿಗೆ ಹೇಳಿದ್ದರೆ ಆಗುತ್ತಿತ್ತು. ಹೇಳುವುದೇ ತಗ್ಗಿದಂತೆ, ನಾನು ತಗ್ಗುವವನಲ್ಲ ಎನ್ನುತ್ತಾನೆ. ಅಂದರೆ ವಿವರಣೆ ಕೊಡುವುದಕ್ಕಿಂತ ಕೊಲ್ಲುವುದು ಅವನಿಗೆ ಮರ್ಯಾದೆಯ ದಾರಿ. ಹೆಂಡತಿಗೆ ಒಂದು ವಾಕ್ಯ ಹೇಳಲಾಗದವನು ಕೌಂಟನೊಬ್ಬನ ದೂತನ ಮುಂದೆ 56 ಸಾಲು ಮಾತಾಡುತ್ತಿದ್ದಾನೆ, ಅದೂ 'ನನಗೆ ಮಾತುಗಾರಿಕೆ ಬರದು' ಎಂದು ನಡುವೆ ಸೇರಿಸಿಕೊಂಡು. ಯಾಕೆ ಎಂಬುದು 49ನೇ ಸಾಲಿನಿಂದ ಗೊತ್ತಾಗುತ್ತದೆ: ಮುಂದಿನ ಮದುವೆಯ ಮಾತುಕತೆ ನಡೆಯುತ್ತಿದೆ, ವರದಕ್ಷಿಣೆಯ ಪ್ರಸ್ತಾಪ ಮೊದಲು ಬರುತ್ತದೆ, ಹುಡುಗಿಯ ಹೆಸರಿಲ್ಲದ ಪ್ರಸ್ತಾಪ ಆಮೇಲೆ. ಬಾಯಿಜಾರಿ ಹೇಳಿದನೋ, ಹೊಸ ಹೆಂಡತಿ ಹೇಗಿರಬೇಕೆಂದು ದೂತನ ಮೂಲಕ ಸಂದೇಶ ಕಳಿಸುತ್ತಿದ್ದಾನೋ ಎಂಬ ಚರ್ಚೆ ಹಳೆಯದು. ನಾನು ಎರಡನೆಯದರ ಪರ. ಪರದೆ ಸರಿಸುವ ಹಕ್ಕು ತನಗೊಬ್ಬನಿಗೇ ಎಂದು ಮೊದಲೇ ಹೇಳಿದವನು ಆಕಸ್ಮಿಕವಾಗಿ ಏನನ್ನೂ ತೋರಿಸುವುದಿಲ್ಲ. ಛಂದಸ್ಸೂ ಇದನ್ನೇ ಹೇಳುತ್ತದೆ: ಎರಡೆರಡು ಸಾಲಿಗೆ ಬಿಗಿಯಾದ ಅಂತ್ಯಪ್ರಾಸ, ಆದರೆ ವಾಕ್ಯಗಳು ಸಾಲಿನ ಕೊನೆಯಲ್ಲಿ ನಿಲ್ಲದೆ ಹರಿಯುವುದರಿಂದ ಪ್ರಾಸ ಕಿವಿಗೆ ಬೀಳುವುದಿಲ್ಲ. ಸರಾಗ ಹರಟೆಯಂತೆ ಕೇಳುತ್ತದೆ, ಒಳಗೆ ಪ್ರತಿ ಪದವೂ ಲೆಕ್ಕದ್ದು.

ಇಲ್ಲಿ ಎರಡು ಕಡೆ ವಿದ್ಯಾರ್ಥಿಗಳು ಎಡವುತ್ತಾರೆ. 'ಆಜ್ಞೆ ಕೊಟ್ಟೆ, ನಗೆಗಳೆಲ್ಲ ಒಟ್ಟಿಗೆ ನಿಂತವು' ಎಂಬುದರಲ್ಲಿ ಕೊಲೆ ಎಂಬ ಪದವಿಲ್ಲ. ಅಮೆರಿಕದ ಪ್ರಾಧ್ಯಾಪಕ ಹೈರಮ್ ಕಾರ್ಸನ್ ನೇರವಾಗಿ ಕೇಳಿದಾಗ ಬ್ರೌನಿಂಗ್, ಕೊಲ್ಲಬೇಕೆಂಬ ಆಜ್ಞೆ ಎಂದು ಹೇಳಿ, ಸ್ವಲ್ಪ ತಡೆದು, ಅಥವಾ ಕಾನ್ವೆಂಟಿಗೆ ಸೇರಿಸಿದ್ದಿರಬಹುದು ಎಂದನಂತೆ. ಆದ್ದರಿಂದ 'ಕೊಂದ' ಎಂದು ಬರೆಯುವಾಗ 'ಕೊಲ್ಲಿಸಿದನೆಂದು ಸೂಚನೆ' ಎಂಬಷ್ಟು ಎಚ್ಚರ ಇರಲಿ. ಪರೋಕ್ಷತೆಯೇ ಅವನ ಗುಣ, ಕೈ ಕೊಳೆಮಾಡಿಕೊಳ್ಳುವುದೂ ಅವನಿಗೆ ತಗ್ಗಿದಂತೆ. ಎರಡನೆಯದು ಇತಿಹಾಸ. ಡ್ಯೂಕನಿಗೆ ಮಾದರಿ ಎನ್ನಲಾಗುವ ಫೆರಾರಾದ ಎರಡನೇ ಅಲ್ಫೊನ್ಸೊ 1558ರಲ್ಲಿ ಲುಕ್ರೆಜಿಯಾ ದೆ ಮೆದಿಚಿಯನ್ನು ಮದುವೆಯಾದ, ಆಕೆ 1561ರಲ್ಲಿ 16ರ ವಯಸ್ಸಿಗೆ ತೀರಿಕೊಂಡಳು, 1565ರಲ್ಲಿ ಅವನು ಚಕ್ರವರ್ತಿ ಒಂದನೇ ಫರ್ಡಿನಾಂಡನ ಮಗಳು ಬಾರ್ಬರಾಳನ್ನು ಮದುವೆಯಾದ. ವಿಷವಿಟ್ಟರೆಂಬ ವದಂತಿ ಇತ್ತು. ಕ್ಷಯದಿಂದ ಸತ್ತಿರುವ ಸಂಭವವೇ ಹೆಚ್ಚು ಎನ್ನುತ್ತಾರೆ. ಚಿತ್ರಕಾರ ಫ್ರಾ ಪಂಡೋಲ್ಫ್, ಶಿಲ್ಪಿ ಇನ್ಸ್‌ಬ್ರುಕ್ಕಿನ ಕ್ಲಾಸ್ ಇಬ್ಬರೂ ಕಲ್ಪಿತರು. ಇದನ್ನು ಎರಡು ವಾಕ್ಯದಲ್ಲಿ ಮುಗಿಸಿ. ಅಲ್ಫೊನ್ಸೊನ ಜೀವನದಿಂದ ಡ್ಯೂಕನ ಉದ್ದೇಶ ಸಾಬೀತಾಗುವುದಿಲ್ಲ.

'ದ ಲ್ಯಾಬೊರೇಟರಿ' 1844ರದು, ಕ್ರಾಂತಿಗೆ ಮುಂಚಿನ ಫ್ರಾನ್ಸಿನ ಆಸ್ಥಾನ ಅದರ ಹಿನ್ನೆಲೆ. ವಿಷ ತಯಾರಿಸುವ ಮುದುಕನೊಬ್ಬನ ಪ್ರಯೋಗಶಾಲೆಯಲ್ಲಿ ಕೂತ ಹೆಂಗಸೊಬ್ಬಳು ಅವನ ಜೊತೆ ಮಾತಾಡುತ್ತಾಳೆ. ನಿಜವಾದ ಹೊಟ್ಟೆಕಿಚ್ಚು ಇರುವುದು ಇಲ್ಲಿ ಮಾತ್ರ: ಪ್ರಿಯಕರನಿದ್ದಾನೆ, ಸವತಿಯಿದ್ದಾಳೆ, ಇಬ್ಬರೂ ಈಗ ಒಟ್ಟಿಗಿದ್ದಾರೆಂದು ಈಕೆಗೆ ಗೊತ್ತು. ಆದರೂ ಹೊಟ್ಟೆಕಿಚ್ಚಿನಿಂದ ಶುರುವಾದದ್ದು ಬೇಗ ಬೇರೆ ಕಡೆ ಹೊರಳುತ್ತದೆ. ಐದನೇ ಪದ್ಯದಲ್ಲಿ ಕಿವಿಯೋಲೆ, ಮುದ್ರೆಯುಂಗುರ, ಬೀಸಣಿಗೆಯ ಹಿಡಿ ಇವುಗಳೊಳಗೆ ಸಾವನ್ನು ಒಯ್ಯುವ ಕನಸು. ಆರನೇ ಪದ್ಯದಲ್ಲಿ ಪಾಲೀನ್ ಎಂಬವಳಿಗೆ ಮೂವತ್ತು ನಿಮಿಷ ಆಯಸ್ಸು, ಎಲೀಸ್ ಎಂಬವಳು ಅಲ್ಲೇ ಕುಸಿಯಬೇಕು. ಸವತಿ ಒಬ್ಬಳೇ ಇದ್ದಳಲ್ಲ? ಕೊಲ್ಲುವ ಪಟ್ಟಿ ಉದ್ದವಾಗುತ್ತಿದೆ. ಅವಸರವಿಲ್ಲ, ಅರೆಯುತ್ತಿರು, ನೋಡುತ್ತಾ ಕೂರುವುದೇ ಚೆಂದ ಎಂದು ಮುದುಕನಿಗೆ ಹೇಳುತ್ತಾಳೆ. ಕಾರಣ ಎಂಟನೇ ಮತ್ತು ಒಂಬತ್ತನೇ ಪದ್ಯದಲ್ಲಿ ಸಿಗುತ್ತದೆ: ತಾನು ಗಿಡ್ಡ, ಅವಳು ಎತ್ತರದ ಗಟ್ಟಿಗಿತ್ತಿ. ನಿನ್ನೆ ರಾತ್ರಿ ಅವರಿಬ್ಬರೂ ಪಿಸುಗುಡುವಾಗ ದಿಟ್ಟಿಸಿ ನೋಡಿದೆ, ಅರ್ಧ ನಿಮಿಷ ನೋಟ ನೆಟ್ಟರೆ ಮುದುಡಿ ಬೀಳುತ್ತಾಳೆ ಅಂದುಕೊಂಡೆ, ಬೀಳಲಿಲ್ಲ ಎನ್ನುತ್ತಾಳೆ. ವಿಷ ಆ ಸೋತ ನೋಟದ ಬದಲಿ. ನೋವು ಕಡಿಮೆ ಮಾಡಬೇಡ, ಸಾಯುವಾಗಿನ ಮುಖ ಅವನಿಗೆ ನೆನಪಿರಬೇಕು ಎಂಬ ಹತ್ತನೇ ಪದ್ಯವನ್ನು ಪೋರ್ಫಿರಿಯಾಳ ಪ್ರಿಯಕರನ 'ನೋವಾಗಲಿಲ್ಲ' ಪಕ್ಕದಲ್ಲಿಟ್ಟು ಒಂದು ಪ್ಯಾರಾ ಬರೆಯಿರಿ, ನಿಮ್ಮ ಪ್ರಬಂಧದ ಒಳ್ಳೆಯ ಪ್ಯಾರಾ ಅದೇ ಆಗುತ್ತದೆ. ಒಬ್ಬನಿಗೆ ಮುಖ ಕೆಡಬಾರದು, ಇನ್ನೊಬ್ಬಳಿಗೆ ಕೆಡಲೇಬೇಕು. ಕೇಳುಗ ಇಲ್ಲಿ ಕೂಲಿಗೆ ಮಾಡುವವನು, ತೀರ್ಪು ಕೊಡುವವನಲ್ಲ. ಅದಕ್ಕೇ ಇವಳಲ್ಲಿ ಸಮಜಾಯಿಷಿಯೇ ಇಲ್ಲ. ಕುಣಿತದ ಓಟವಿರುವ ಲಯವೂ, ಎರಡು ಸಲ ಬರುವ ರಾಜನ ಸಭೆಯ ನೃತ್ಯದ ಮಾತೂ ಒಂದಕ್ಕೊಂದು ಕೂಡಿಕೊಂಡಿವೆ.

ಮೂರನ್ನೂ ಪೋಣಿಸಲು ಒಂದು ದಾರ ಬೇಕಿದ್ದರೆ, ನಗೆಯನ್ನು ಹಿಡಿಯಿರಿ. ಡ್ಯೂಕ್ ನಗೆ ನಿಲ್ಲಿಸಿ, ಚಿತ್ರದಲ್ಲಿ ಉಳಿದದ್ದನ್ನು ಪರದೆ ಹಿಂದಿಟ್ಟ. ಪೋರ್ಫಿರಿಯಾಳ ಕಣ್ಣು 'ಮತ್ತೆ ನಕ್ಕವು' ಎಂದು ಕೊಂದ ಮೇಲೆ ಅವನಿಗೆ ಕಾಣುತ್ತದೆ. ನಗೆಯನ್ನು ಅವನೇ ತಯಾರಿಸಿಕೊಂಡ. ಪ್ರಯೋಗಶಾಲೆಯ ಹೆಂಗಸಿಗೆ, ಅವರಿಬ್ಬರೂ ಎಲ್ಲೋ ಕೂತು ತನ್ನನ್ನು ನೋಡಿ ನಗುತ್ತಿದ್ದಾರೆ ಎಂಬುದೇ ತಡೆಯಲಾಗದ್ದು. ಇನ್ನೊಬ್ಬರ ನಗೆ ತನ್ನ ಹತೋಟಿಯಲ್ಲಿಲ್ಲ ಎಂಬ ಕಡೆ ಮೂವರೂ ಒಂದೇ, ಅದಕ್ಕೆ ಮಾಡುವ ಉಪಾಯದಲ್ಲಿ ಬೇರೆಬೇರೆ.

ನಾಲ್ಕನೆಯ ಕವಿತೆಗೆ 'ಸೊಲಿಲೊಕ್ವಿ ಆಫ್ ದ ಸ್ಪ್ಯಾನಿಷ್ ಕ್ಲಾಯ್‌ಸ್ಟರ್' ಬೇಡ. ಬಹಳ ಮಂದಿ ಸೇರಿಸುತ್ತಾರೆ, ಆದರೆ ಅದರ ನಿರೂಪಕನಾದ ಸನ್ಯಾಸಿ ತನ್ನ ಮಠದ ಜೊತೆಗಾರ ಲಾರೆನ್ಸನನ್ನು ನರಕಕ್ಕೆ ಕಳಿಸಲು ಯೋಜನೆ ಹಾಕುತ್ತಾನೆ, ಗಿಡಗಳ ಮೊಗ್ಗು ಮುರಿಯುತ್ತಾನೆ, ಕೊಲ್ಲುವುದಿಲ್ಲ. ಡಾಂಟೆ ಗೇಬ್ರಿಯಲ್ ರೊಸೆಟ್ಟಿಯ 'ಎ ಲಾಸ್ಟ್ ಕನ್ಫೆಷನ್' (1870) ಚೆನ್ನಾಗಿ ಕೂರುತ್ತದೆ: ಸಾಯುತ್ತಿರುವ ಇಟಲಿಯ ದೇಶಭಕ್ತನೊಬ್ಬ, ತಾನೇ ಸಾಕಿದ ಹುಡುಗಿಯನ್ನು ಇರಿದು ಕೊಂದದ್ದನ್ನು ಪಾದ್ರಿಗೆ ಹೇಳುತ್ತಾನೆ. ಅಲ್ಲೂ ಕೈ ಎತ್ತಿಸಿದ್ದು ಅವಳ ನಗೆ. ಸಂತೆಯಲ್ಲಿ ಕೇಳಿದ ವೇಶ್ಯೆಯೊಬ್ಬಳ ನಗೆಯಂತೆ ಅವನಿಗೆ ಕೇಳಿಸುತ್ತದೆ.

ಸಮಯವಿದ್ದರೆ ಮಾತ್ರ 'ದ ರಿಂಗ್ ಅಂಡ್ ದ ಬುಕ್' (1868-69). ಫ್ಲಾರೆನ್ಸಿನ ಸಂತೆಯಲ್ಲಿ 1860ರಲ್ಲಿ ಒಂದು ಲೀರಾಕ್ಕೆ ಕೊಂಡ ಹಳೆಯ ಮೊಕದ್ದಮೆಯ ಕಡತದಿಂದ ಬ್ರೌನಿಂಗ್ ಕಟ್ಟಿದ 12 ಪುಸ್ತಕಗಳ, ಸುಮಾರು 21,000 ಸಾಲುಗಳ ಕಾವ್ಯ. ಕೌಂಟ್ ಗೀಡೋ ಫ್ರಾನ್ಚೆಸ್ಕೀನಿ 1698ರ ಜನವರಿ 2ರಂದು ನಾಲ್ವರು ಬಾಡಿಗೆಯವರ ಜೊತೆ ಹೋಗಿ 17ರ ಹೆಂಡತಿ ಪಾಂಪೀಲಿಯಾಳನ್ನೂ ಅವಳನ್ನು ಸಾಕಿದ ಅಪ್ಪ ಅಮ್ಮನನ್ನೂ ಇರಿದ. ಎರಡು ವಾರದ ಹಿಂದಷ್ಟೇ, ಡಿಸೆಂಬರ್ 18ಕ್ಕೆ, ಮಗು ಹುಟ್ಟಿತ್ತು; ಆ ಮಗುವಿನ ಮೂಲಕ ಆಸ್ತಿ ಅವನ ಕಡೆ ಬರುವಂತಿತ್ತು. ಗೀಡೋ ಎರಡು ಸಲ ಮಾತಾಡುತ್ತಾನೆ. ಐದನೇ ಪುಸ್ತಕದಲ್ಲಿ ನ್ಯಾಯಾಧೀಶರ ಮುಂದೆ, ಚಿತ್ರಹಿಂಸೆ ಮುಗಿಸಿ ಬಂದವನಾಗಿ: ಮನೆತನದ ಮಾನಕ್ಕಾಗಿ ಕೊಂದೆ, ಕಾನೂನು ಮಾಡದ್ದನ್ನು ನಾನು ಮಾಡಿದೆ. ಹನ್ನೊಂದನೇ ಪುಸ್ತಕದಲ್ಲಿ ಮರಣದಂಡನೆಗೆ ಮುಂಚಿನ ರಾತ್ರಿ, ಪಾಪನಿವೇದನೆ ಕೇಳಲು ಬಂದ ಕಾರ್ಡಿನಲ್ ಮತ್ತು ಮಠಾಧಿಪತಿಯ ಮುಂದೆ: ಮಾನದ ಮಾತು ಕರಗಿಹೋಗಿ, ಅವಳ ತಾಳ್ಮೆಯೇ ತನಗೆ ಅಸಹ್ಯವಾಗಿತ್ತು ಎಂಬ ದ್ವೇಷ ಹೊರಬೀಳುತ್ತದೆ. ಒಂದೇ ಕೊಲೆ, ಒಬ್ಬನೇ ಕೊಲೆಗಾರ, ಕೇಳುಗರು ಬದಲಾದರು, ಉದ್ದೇಶವೂ ಬದಲಾಯಿತು. ನಿಮ್ಮ ಇಡೀ ವಾದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಸಿಗದು.

ಎರಡೂ ಪುಸ್ತಕ ತಲಾ ಎರಡು ಸಾವಿರ ಸಾಲು ಮೀರುತ್ತವೆ. ಐದನೆಯದರ ಮೊದಲ ಇನ್ನೂರು ಸಾಲು ಮತ್ತು ಕೊಲೆಯ ರಾತ್ರಿಯ ವರ್ಣನೆ, ಹನ್ನೊಂದನೆಯದರ ಕೊನೆಯ ಮುನ್ನೂರು ಸಾಲು ಓದಿದರೆ ಹೋಲಿಕೆಗೆ ಸಾಕು. ಕೊನೆಯ ಎರಡು ಸಾಲನ್ನು ತಪ್ಪಿಸಬೇಡಿ: ಕರೆದೊಯ್ಯುವವರು ಬಂದಾಗ ಗೀಡೋ ಮಠಾಧಿಪತಿಯನ್ನು, ಕಾರ್ಡಿನಲ್‌ನನ್ನು, ಕ್ರಿಸ್ತನನ್ನು, ಮೇರಿಯನ್ನು, ದೇವರನ್ನು ಕರೆದು, ಎಲ್ಲರ ನಂತರ ತಾನು ಕೊಂದ ಹೆಂಡತಿಯ ಹೆಸರು ಹಿಡಿದು, ಇವರು ನನ್ನನ್ನು ಕೊಲ್ಲುವುದಕ್ಕೆ ನೀನು ಬಿಡುತ್ತೀಯಾ ಎಂದು ಕೇಳುತ್ತಾನೆ. ಪ್ರಬಂಧದಲ್ಲಿ ಇದನ್ನು ಪೋರ್ಫಿರಿಯಾಳ ಪ್ರಿಯಕರನ 'ಅದು' ಎಂಬ ಸರ್ವನಾಮದ ಎದುರು ಇಟ್ಟು ಬರೆಯಿರಿ.